ಕಾಲು ಚಾಚಿದರೆ ಭಾರ ಎಲ್ಲಿಗೆ ಹೋಗುತ್ತದೆ?

ರಾಯಲ್ ಎನ್‌ಫೀಲ್ಡ್‌ನ ಸೂಪರ್ ಮೀಟಿಯರ್ 650 ಮತ್ತು ಶಾಟ್‌ಗನ್ 650 ಎರಡರಲ್ಲೂ ಇರುವುದು ಒಂದೇ 648 ಸಿಸಿ ಎಂಜಿನ್. ಚೌಕಟ್ಟಿನ ಮೂಲವೂ ಒಂದೇ. ತೂಕದಲ್ಲಿ ಒಂದು ಕಿಲೋ ಹೆಚ್ಚುಕಡಿಮೆ, ಅಷ್ಟೆ. ಆದರೂ ಒಂದರಿಂದ ಇಳಿದು ಇನ್ನೊಂದನ್ನು ಹತ್ತಿದವರಿಗೆ ಗಾಡಿಯೇ ಬೇರೆ ಅನ್ನಿಸುತ್ತದೆ. ಸೂಪರ್ ಮೀಟಿಯರ್‌ನ ಸೀಟು ನೆಲದಿಂದ 740 ಮಿ.ಮೀ. ಎತ್ತರದಲ್ಲಿದೆ; ಫುಟ್‌ರೆಸ್ಟು, ಗೇರು, ಬ್ರೇಕು ಮೂರೂ ಮುಂದಕ್ಕೆ ಸರಿದಿವೆ. ಕೂತವರ ಕಾಲು ತಾನಾಗಿ ಮುಂದೆ ಚಾಚುತ್ತದೆ. ಶಾಟ್‌ಗನ್‌ನ ಸೀಟು 795 ಮಿ.ಮೀ.; ಪಾದ ಹೆಚ್ಚುಕಡಿಮೆ ಮಂಡಿಯ ಕೆಳಗೇ ಬಂದು ಕೂರುತ್ತದೆ. ಮೊದಲನೆಯ ಬಗೆಗೆ ಫಾರ್ವರ್ಡ್ ಕಂಟ್ರೋಲ್, ಎರಡನೆಯದಕ್ಕೆ ಮಿಡ್ ಕಂಟ್ರೋಲ್ ಎನ್ನುತ್ತಾರೆ. ಹಾರ್ಲೆ ಡೇವಿಡ್‌ಸನ್ 2021ರಲ್ಲಿ ತಂದ ಸ್ಪೋರ್ಟ್‌ಸ್ಟರ್ ಎಸ್ ಬೈಕಿಗೆ ಕಂಪನಿಯಿಂದ ಬರುವುದು ಫಾರ್ವರ್ಡ್. ಬೇಡವಾದವರಿಗೆ ಮಿಡ್ ಕಂಟ್ರೋಲಿನ ಕಿಟ್ಟನ್ನು ಅದೇ ಕಂಪನಿ ಮಾರುತ್ತದೆ.

ಆಯ್ಕೆ ಮಾಡುವವರು ಸಾಮಾನ್ಯವಾಗಿ ನೋಡುವುದು ಅಂದವನ್ನು ಮತ್ತು ಕಾಲಿನ ಆರಾಮವನ್ನು. ಆದರೆ ಫುಟ್‌ರೆಸ್ಟಿನ ಜಾಗ ತೀರ್ಮಾನಿಸುವುದು ಮೈಯ ಭಾರ ಎಲ್ಲಿ ಇಳಿಯಬೇಕು ಎಂಬುದನ್ನು: ಪಾದಕ್ಕೋ, ಬೆನ್ನಿಗೋ, ಕೈಗೋ.

ಇದನ್ನು ತಿಳಿಯಲು ಬೈಕು ಬೇಡ, ಒಂದು ಕುರ್ಚಿ ಸಾಕು. ಅದರಲ್ಲಿ ಕೂತು ಎರಡೂ ಕಾಲನ್ನು ಮುಂದಕ್ಕೆ ಚಾಚಿ, ಕೈ ಊರದೆ ಎದ್ದು ನಿಲ್ಲಲು ನೋಡಿ. ಆಗುವುದಿಲ್ಲ. ಪಾದವನ್ನು ಹಿಂದಕ್ಕೆ ಎಳೆದುಕೊಂಡು, ಮೈಯನ್ನು ತುಸು ಮುಂದೆ ಬಾಗಿಸಿದಾಗ ಮಾತ್ರ ಏಳಬಹುದು. ನಮ್ಮ ದೇಹದ ಗುರುತ್ವ ಕೇಂದ್ರ ಹೊಕ್ಕುಳಿನ ಆಸುಪಾಸಿನಲ್ಲಿರುತ್ತದೆ. ಅದು ಪಾದಗಳ ನೇರಕ್ಕೆ ಬಾರದೆ ಕಾಲು ಭಾರ ಹೊರಲಾರದು. ಮಿಡ್ ಕಂಟ್ರೋಲಿನಲ್ಲಿ ಹಾಗೆ ತರುವುದು ಸುಲಭ. ಫಾರ್ವರ್ಡ್‌ನಲ್ಲಿ ಹ್ಯಾಂಡಲ್ ಹಿಡಿದು ಜಗ್ಗದೆ ಸೀಟಿನಿಂದ ಒಂದಂಗುಲವೂ ಏಳಲಾಗದು.

ಏಳುವುದೇಕೆ ಎಂದು ಕೇಳುವವರು ನಮ್ಮ ರಸ್ತೆಯಲ್ಲಿ ಗಾಡಿ ಓಡಿಸಿಲ್ಲ ಎನ್ನಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಪ್ರಕಾರ ರಸ್ತೆ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, ಅದರ ಬೆನ್ನು 17 ಮೀಟರ್ ತ್ರಿಜ್ಯದ ವೃತ್ತದ ತುಣುಕಾಗಿರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲೆಂದು ಮಾಡಿದ ಅಳತೆ ಇದು. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿ ಗುರುತ್ವಕ್ಕೆ ಹೋಲಿಸಿದರೆ, ಹಂಪಿನ ನೆತ್ತಿಯಲ್ಲಿ ನಿಮ್ಮ ತೂಕ ಸುಮಾರು ಶೇ 30ರಷ್ಟು ಇಳಿದಂತಾಗುತ್ತದೆ. ಅದೇ ಹಂಪನ್ನು 50ರಲ್ಲಿ ಹಾರಿಸಿದರೆ ಪರಿಣಾಮ ನಾಲ್ಕು ಪಟ್ಟು, ಅಂದರೆ ಗಾಡಿಯೇ ನೆಲ ಬಿಡಬಹುದು. ಇದು ಅಳತೆಯಂತೆ ಹಾಕಿದ ಹಂಪಿನ ಲೆಕ್ಕ. ಊರವರು ರಾತ್ರೋರಾತ್ರಿ ಹಾಕಿಕೊಂಡ ಅರ್ಧ ಮೀಟರ್ ಅಗಲದ ದಿಣ್ಣೆಗೆ ಯಾವ ನಿಯಮವೂ ಇಲ್ಲ. 25ರ ವೇಗದಲ್ಲಿ ಅದನ್ನು ದಾಟಲು ಹಿಡಿಯುವುದು ಸೆಕೆಂಡಿನ ಹದಿನಾಲ್ಕನೇ ಒಂದು ಭಾಗ. ಶಾಕ್ ಅಬ್ಸಾರ್ಬರ್ ಪೂರ್ತಿ ಕೆಲಸ ಮಾಡುವ ಮೊದಲೇ ಪೆಟ್ಟು ಸೀಟಿಗೆ ಬಂದಿರುತ್ತದೆ.

ಆ ಪೆಟ್ಟನ್ನು ಪಾದದಲ್ಲಿ ತಗೊಂಡರೆ ಕಣಕಾಲು, ಮಂಡಿ, ಸೊಂಟ ಮೂರೂ ಕೀಲುಗಳು ಮಡಚಿ, ತೊಡೆಯ ಸ್ನಾಯುಗಳು ಹಿಗ್ಗಿ, ಅದರ ಶಕ್ತಿಯನ್ನು ನುಂಗುತ್ತವೆ. ಕಾಲು ಮುಂದೆ ಚಾಚಿದ್ದರೆ ಇವು ಯಾವುವೂ ಲೆಕ್ಕಕ್ಕಿಲ್ಲ; ಸೀಟಿನಿಂದ ಪೆಟ್ಟು ನೇರ ಬೆನ್ನೆಲುಬಿಗೆ. ಗಾಡಿ ಓಡುವಾಗ ಸೀಟಿನಲ್ಲಿ ಸದಾ ಇರುವ ನಡುಕದ್ದೂ ಇದೇ ಕಥೆ. ಕೂತ ಮನುಷ್ಯನ ಮೈ ಮೇಲೆಕೆಳಗಿನ ಕಂಪನವನ್ನು ಅತಿ ಹೆಚ್ಚು ಹಚ್ಚಿಕೊಳ್ಳುವುದು ಸೆಕೆಂಡಿಗೆ 4ರಿಂದ 8 ಸಲದ ಮಟ್ಟದಲ್ಲಿ ಎಂದು ಐಎಸ್‌ಒ 2631 ಮಾನದಂಡ ಹೇಳುತ್ತದೆ. ಸೀಟು ತಗ್ಗಿಸಿದಷ್ಟೂ ಹಿಂಚಕ್ರದ ಶಾಕ್ ಅಬ್ಸಾರ್ಬರಿಗೆ ಆಡಲು ಜಾಗ ಕಡಿಮೆಯಾಗುವುದೂ ಸೇರಿ, ತಗ್ಗು ಸೀಟಿನ ಕ್ರೂಸರಿನಲ್ಲಿ ಬೆನ್ನಿಗೆ ಎರಡು ಕಡೆಯಿಂದ ನಷ್ಟ.

ಇನ್ನೊಂದು ಸಂಗತಿ ಹೊರಗಿನಿಂದ ಕಾಣುವುದಿಲ್ಲ. ತೊಡೆಯ ಹಿಂಭಾಗದ ಸ್ನಾಯುಗಳು ಸೊಂಟದ ಮೂಳೆಯಿಂದ ಹೊರಟು ಮಂಡಿಯನ್ನು ದಾಟಿ ಮುಂಗಾಲಿನ ಮೂಳೆಗೆ ಅಂಟಿಕೊಂಡಿವೆ. ಕೂತಲ್ಲೇ ಮಂಡಿ ಬಿಡಿಸಿ ಕಾಲು ಚಾಚಿದರೆ ಅವು ಬಿಗಿದು, ಸೊಂಟದ ಮೂಳೆಯನ್ನು ಹಿಂದಕ್ಕೆ ಉರುಳಿಸುತ್ತವೆ. ಆಗ ಕೆಳಬೆನ್ನಿನ ಸಹಜ ಬಾಗು ಚಪ್ಪಟೆಯಾಗುತ್ತದೆ. ಅಮೆರಿಕದ ವೈದ್ಯ ಕೀಗನ್ 1953ರಲ್ಲಿ ಬೇರೆ ಬೇರೆ ಭಂಗಿಗಳ ಎಕ್ಸ್‌ರೇ ತೆಗೆದು, ಮುಂಡ ಮತ್ತು ತೊಡೆಯ ನಡುವಿನ ಕೋನ ಸುಮಾರು 135 ಡಿಗ್ರಿ ಇದ್ದಾಗ ಬೆನ್ನಿನ ಬಾಗು ನೆಮ್ಮದಿಯಾಗಿರುತ್ತದೆ ಎಂದು ತೋರಿಸಿದರು. ಕಾಲು ಚಾಚಿ, ಹ್ಯಾಂಡಲಿಗೂ ಕೈ ಚಾಚಿ ಕೂತವರ ಬೆನ್ನು ಗೂನಾಗಿ, ಆ ಕೋನ ಕಿರಿದಾಗುತ್ತದೆ. ಎರಡು ಗಂಟೆ ಓಡಿಸಿದ ಮೇಲೆ ಬಾಲಮೂಳೆಯ ಮೇಲೆಲ್ಲೋ ನೋಯುತ್ತಿದ್ದರೆ ಸೀಟಿನ ಸ್ಪಂಜನ್ನು ಬೈದು ಪ್ರಯೋಜನವಿಲ್ಲ.

ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರಿಂದ 100ಕ್ಕೆ ಹೋದರೆ ಸುಮಾರು 2.8 ಪಟ್ಟು. ಮಿಡ್ ಕಂಟ್ರೋಲಿನವರು ಮೈ ತುಸು ಮುಂದೆ ಬಾಗಿಸಿ ಅದೇ ಗಾಳಿಗೆ ಒರಗಿಕೊಳ್ಳಬಹುದು, ಕೈ ಮೇಲಿನ ಭಾರವೂ ಇಳಿಯುತ್ತದೆ. ಫಾರ್ವರ್ಡ್‌ನವರು ಹಾಯಿ ಬಿಚ್ಚಿದ ದೋಣಿ. ಎದೆಗೆ ಬಡಿಯುವ ಗಾಳಿಯನ್ನು ಹ್ಯಾಂಡಲಿಗೆ ಜೋತುಬಿದ್ದೇ ತಡೆಯಬೇಕು. ಹ್ಯಾಂಡಲನ್ನು ಹೀಗೆ ಎಳೆದು ಹಿಡಿದ ಕೈ ತಿರುವಿನಲ್ಲಿ ಹಗುರವಾಗಿ ಕೆಲಸ ಮಾಡಲಾರದು.

ಬ್ರೇಕಿನ ವಿಷಯದಲ್ಲಿ ಮಾತ್ರ ಫಾರ್ವರ್ಡ್‌ಗೆ ಅಂಕ ಕೊಡಬೇಕು. ಜೋರಾಗಿ ಬ್ರೇಕ್ ಹಾಕಿದಾಗ, ವೇಗ ಇಳಿಯುವ ದರ ಗುರುತ್ವದ ಅರ್ಧದಷ್ಟಿದ್ದರೆ, 70 ಕಿಲೋ ತೂಕದವರನ್ನು 35 ಕಿಲೋ ಭಾರದಷ್ಟು ಬಲ ಮುಂದಕ್ಕೆ ನೂಕುತ್ತದೆ. ಚಾಚಿದ ಕಾಲು ಅದಕ್ಕೆ ನೇರ ಅಡ್ಡ ನಿಲ್ಲುತ್ತದೆ. ಮಿಡ್ ಕಂಟ್ರೋಲಿನಲ್ಲಿ ಮಂಡಿಯಿಂದ ಟ್ಯಾಂಕನ್ನು ಅದುಮಿ ಹಿಡಿಯುವುದನ್ನು ಕಲಿಯಬೇಕು. ಬಹಳ ಮಂದಿ ಕಲಿಯುವುದಿಲ್ಲ.

ವಾಲಿಸುವಾಗ ಫುಟ್‌ರೆಸ್ಟ್ ನೆಲಕ್ಕೆ ಉಜ್ಜುತ್ತದೆ ಎಂಬ ದೂರಿಗೆ ಒಂದು ಲೆಕ್ಕ ಹಾಕೋಣ. ಫುಟ್‌ರೆಸ್ಟಿನ ತುದಿ ಗಾಡಿಯ ನಡುವಿನಿಂದ 38 ಸೆಂ.ಮೀ. ಹೊರಗೆ, ನೆಲದಿಂದ 25 ಸೆಂ.ಮೀ. ಮೇಲಿದ್ದರೆ ಸುಮಾರು 33 ಡಿಗ್ರಿ ವಾಲಿದಾಗ ನೆಲ ಮುಟ್ಟುತ್ತದೆ. ಮೂರು ಸೆಂ.ಮೀ. ತಗ್ಗಿದ್ದರೆ 30 ಡಿಗ್ರಿಗೇ. 30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಇದರ ಅರ್ಥ, 50ರ ಬದಲು 47 ಕಿ.ಮೀ. ವೇಗ. ಜನ ಹೇಳುವಷ್ಟು ದೊಡ್ಡ ವಿಷಯವೇನಲ್ಲ. ಹಾಗೆಯೇ, ಫುಟ್‌ರೆಸ್ಟನ್ನು ಒತ್ತಿ ಗಾಡಿ ತಿರುಗಿಸಬಹುದು, ಅದಕ್ಕೇ ಮಿಡ್ ಉತ್ತಮ ಎನ್ನುವ ವಾದವನ್ನೂ ಪೂರ್ತಿ ನಂಬಬೇಡಿ. ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲಿನ ಕೀತ್ ಕೋಡ್ ಒಂದು ಬೈಕಿನ ಚೌಕಟ್ಟಿಗೆ ಅಲುಗದ ಎರಡನೇ ಹ್ಯಾಂಡಲು, ಅದಕ್ಕೊಂದು ಆಕ್ಸಿಲರೇಟರು ಕೂರಿಸಿದರು. ಅದನ್ನು ಹಿಡಿದು, ಬರೀ ಮೈಭಾರದಿಂದ ಬೈಕನ್ನು ಹದವಾಗಿ ತಿರುಗಿಸಲು ಸವಾರರಿಗೆ ಆಗಲಿಲ್ಲ. ಗಾಡಿ ತಿರುಗುವುದು ಹ್ಯಾಂಡಲಿನಿಂದ. ಕಾಲಿನ ಕೆಲಸ ಮೈಯನ್ನು ಭದ್ರವಾಗಿ ಹಿಡಿದು ಕೈಗೆ ಬಿಡುವು ಕೊಡುವುದು.

ಮಿಡ್ ಕಂಟ್ರೋಲಿಗೂ ತೊಂದರೆಗಳಿವೆ. ತಗ್ಗು ಸೀಟಿನ ಗಾಡಿಯಲ್ಲಿ ಎತ್ತರದವರ ಮಂಡಿ ಬಹಳ ಮಡಚಿ, ಮಂಡಿಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ಸಿನಿಮಾ ಮಂದಿರದಲ್ಲಿ ಮೂರು ತಾಸು ಕೂತೆದ್ದಾಗ ಬರುವ ಮಂಡಿನೋವು ಇದೇ ಜಾತಿಯದು. ಸಿಗ್ನಲಿನಲ್ಲಿ ಕಾಲು ಊರಿದಾಗ ಫುಟ್‌ರೆಸ್ಟು ಮುಂಗಾಲಿಗೋ ಮೀನಖಂಡಕ್ಕೋ ತಾಗುವುದೂ ಉಂಟು.

ಸವಾರರ ಮೈ ಬಿಟ್ಟು ಯಂತ್ರದ ಕಡೆಯಿಂದ ನೋಡಿದರೂ ಮಿಡ್ ಕಂಟ್ರೋಲೇ ಸರಳ. ಗೇರ್ ಪೆಟ್ಟಿಗೆಯ ದಂಡ ಎಂಜಿನ್ನಿನ ಪಕ್ಕದಲ್ಲೇ ಹೊರಬರುವುದರಿಂದ ಲಿವರ್ ಅಲ್ಲೇ ಇರುವುದು ಸಹಜ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳಲ್ಲಿ ಎಡಗಡೆಯ ಒಂದೇ ಲಿವರ್ ಕಿಕ್ಕರೂ ಹೌದು, ಗೇರೂ ಹೌದು. ಅದನ್ನು ಮುಂದಕ್ಕೆ ಒಯ್ಯುವ ಮಾತೇ ಇರಲಿಲ್ಲ. ಫಾರ್ವರ್ಡ್ ಮಾಡಲು ಉದ್ದನೆಯ ಕಡ್ಡಿ, ಕೀಲುಗಳು ಬೇಕು. ಕೀಲು ಸವೆದಂತೆ ಗೇರು ಹಾಕುವುದು ಸಡಿಲಾಗುತ್ತದೆ.

ಚಾಚಿದ ಕಾಲಿನ ಶೋಕಿ ಬೆಳೆದದ್ದು ಎರಡನೇ ಮಹಾಯುದ್ಧದ ನಂತರದ ಅಮೆರಿಕದಲ್ಲಿ, ಚಾಪರ್ ಬೈಕುಗಳ ಜೊತೆಗೆ. 1956ರ ಹೆದ್ದಾರಿ ಕಾಯ್ದೆಯಿಂದ ಅಲ್ಲಿ ಗಂಟೆಗಟ್ಟಲೆ ಬಳುಕದ ರಸ್ತೆಗಳು ಬಂದವು. ಅಂಥ ರಸ್ತೆಗೆ ಆ ಭಂಗಿ ಒಪ್ಪುತ್ತದೆ. ನಮ್ಮಲ್ಲಿ ಅದಕ್ಕೆ ಹೊಂದುವ ರಸ್ತೆ ಎಂದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ. ಅದರ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ. ಪಕ್ಕದ ಸರ್ವಿಸ್ ರಸ್ತೆಯೇ ಗತಿ.

ಬುಲೆಟ್ಟಿನ ಲೆಗ್‌ಗಾರ್ಡ್ ಮೇಲೆ ಕಾಲಿಟ್ಟು ಹೋಗುವವರು ಫಾರ್ವರ್ಡ್ ಕಂಟ್ರೋಲಿನ ಸುಖ ಪುಕ್ಕಟೆ ಸಿಕ್ಕಿತೆಂದುಕೊಳ್ಳುತ್ತಾರೆ. ಅಲ್ಲಿ ಬ್ರೇಕ್ ಇಲ್ಲ. 80ರ ವೇಗದಲ್ಲಿ ಪಾದವನ್ನು ಪೆಡಲಿಗೆ ತರಲು ಅರ್ಧ ಸೆಕೆಂಡ್ ಹಿಡಿದರೂ ಗಾಡಿ 11 ಮೀಟರ್ ಮುಂದೆ ಹೋಗಿರುತ್ತದೆ.

ಆರಡಿಗೂ ಮೀರಿದ ಎತ್ತರವಿದ್ದು, ಮಂಡಿ ಮಡಚಿದರೆ ನೋವಾಗುವವರಾದರೆ ಫಾರ್ವರ್ಡ್ ಕಂಟ್ರೋಲ್ ತಗೊಳ್ಳಿ, ಸಂಕೋಚ ಬೇಡ. ಬೆನ್ನುನೋವಿನ ಇತಿಹಾಸ ಇರುವವರು, ಘಾಟಿ ರಸ್ತೆಯವರು, ದಿನಾ ಆಫೀಸಿಗೆ ಓಡಿಸುವವರು ಮಿಡ್ ಕಂಟ್ರೋಲನ್ನೇ ಆರಿಸಿಕೊಳ್ಳುವುದು ಮೇಲು. ಹೊರಗಿನ ಗ್ಯಾರೇಜಿನಲ್ಲಿ ಕತ್ತರಿಸಿ, ವೆಲ್ಡ್ ಮಾಡಿಸಿ ಫುಟ್‌ರೆಸ್ಟ್ ಸರಿಸುವ ಯೋಚನೆಯನ್ನು ಬಿಡಿ. ಶೋರೂಮಿನಲ್ಲಿ ಟೆಸ್ಟ್ ರೈಡ್ ಕೊಡುವಾಗ ನುಣ್ಣನೆಯ ಮುಖ್ಯರಸ್ತೆಗೆ ಕಳಿಸುತ್ತಾರೆ. ನೀವು ಹಂಪು, ಗುಂಡಿಗಳಿರುವ ಒಳರಸ್ತೆಗೆ ತಿರುಗಿಸಿ ನೋಡಿ.