ನಮ್ಮ ಮಕ್ಕಳ ಕುಸ್ತಿಗೆ ಒಂದೇ ಅಖಾಡವಾಗಲಿ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವ ಬಾಹುಬಲಿಯು ತ್ಯಾಗಮೂರ್ತಿಯೆಂಬುದನ್ನು ಲೋಕವೆಲ್ಲ ಬಲ್ಲುದು. ಆತನು ಮಲ್ಲನೂ ಆಗಿದ್ದನೆಂಬುದನ್ನು ಮಾತ್ರ ನಾವು ಮರೆತುಬಿಡುತ್ತೇವೆ. ಅಣ್ಣ ಭರತನೊಡನೆ ವಿರಸ ಬಂದಾಗ ಎರಡು ಸೈನ್ಯಗಳು ಕಾದಿ ಸಾಯುವುದು ಬೇಡವೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರಂತೆ. ಮಲ್ಲಯುದ್ಧದಲ್ಲಿ ಬಾಹುಬಲಿಯು ಅಣ್ಣನನ್ನು ಎತ್ತಿ ಹಿಡಿದೂ ನೆಲಕ್ಕೆ ಅಪ್ಪಳಿಸದೆ ಗೌರವದಿಂದ ಇಳಿಸಿದನೆಂದು ಜೈನಪುರಾಣಗಳು ಹೇಳುತ್ತವೆ. ಬಲವಿದ್ದೂ ಸಂಯಮವಿರಬೇಕೆಂಬ ಈ ಪಾಠಕ್ಕಿಂತ ದೊಡ್ಡ ಪಾಠವನ್ನು ಯಾವ ಗರಡಿಮನೆಯೂ ಕಲಿಸಲಾರದು.

ಇಂತಹ ನೆಲದ ಮಕ್ಕಳು ಕುಸ್ತಿಯಲ್ಲಿ ಎಲ್ಲಿಯವರೆಗೆ ಏರಬಲ್ಲರು? ಅವರ ದಾರಿಯಲ್ಲಿ ನಾವೇ ಹಾಕಿರುವ ಅಡ್ಡಗೋಡೆಗಳು ಯಾವುವು? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮನೆಮನೆಯ ತಂದೆತಾಯಿಯರು ಕುಳಿತು ಯೋಚಿಸಬೇಕಾದ ವಿಷಯವಿದು.

ಈಗಿರುವ ಏರ್ಪಾಡನ್ನು ಮೊದಲು ನೋಡೋಣ. ಅರಕಲಗೂಡು ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲಾ ಬಾಲಕನು ಮೊದಲು ತಾಲ್ಲೂಕಿನಲ್ಲಿ ಗೆಲ್ಲಬೇಕು. ಬಳಿಕ ಜಿಲ್ಲೆಯ 8 ತಾಲ್ಲೂಕುಗಳ ಹುಡುಗರೊಡನೆ ಹಾಸನ ಜಿಲ್ಲಾಮಟ್ಟದಲ್ಲಿ ಸೆಣಸಬೇಕು. ಅಲ್ಲಿ ಗೆದ್ದರೆ ಮೈಸೂರು ವಿಭಾಗ, ಅಲ್ಲಿಂದ ರಾಜ್ಯಮಟ್ಟ. ಮೈಸೂರು, ಬೆಂಗಳೂರು, ಬೆಳಗಾವಿ, ಕಲಬುರಗಿ ಎಂಬ 4 ವಿಭಾಗಗಳ ಆಯ್ದ ಮಕ್ಕಳು ಅಲ್ಲಿ ಕೂಡುತ್ತಾರೆ. ಅದೇ ಬಾಲಕನು ಮರುವರ್ಷ ಪಿಯುಸಿಗೆ ಸೇರಿದನೆಂದರೆ ಅವನ ಅಖಾಡವೇ ಬದಲಾಗುತ್ತದೆ. ಪದವಿಪೂರ್ವ ಕಾಲೇಜುಗಳ ಕ್ರೀಡಾಕೂಟವು ಪ್ರತ್ಯೇಕವಾಗಿ ನಡೆಯುತ್ತದೆ. ಅದರ ದಿನಾಂಕ ಬೇರೆ, ಸ್ಥಳ ಬೇರೆ, ರಾಜ್ಯ ಪ್ರಶಸ್ತಿಯೂ ಬೇರೆ.

ಇದರಿಂದ ಆಗುವ ವಿಚಿತ್ರವನ್ನು ಗಮನಿಸಿರಿ. ಒಂದೇ ಬೀದಿಯ, ಒಂದೇ ವಯಸ್ಸಿನ, ಒಂದೇ ತೂಕದ ಇಬ್ಬರು ಹುಡುಗರು. ಒಬ್ಬನು ಹತ್ತನೆಯ ತರಗತಿಯಲ್ಲಿದ್ದಾನೆ, ಇನ್ನೊಬ್ಬನು ಪ್ರಥಮ ಪಿಯುಸಿಯಲ್ಲಿದ್ದಾನೆ. ಸಂಜೆ ಒಂದೇ ಗರಡಿಯ ಕೆಮ್ಮಣ್ಣಿನಲ್ಲಿ ಜೊತೆಯಾಗಿ ಸಾಮು ಮಾಡುವ ಇವರಿಬ್ಬರೂ ರಾಜ್ಯದ ಪಂದ್ಯದಲ್ಲಿ ಎಂದೂ ಎದುರಾಗುವುದಿಲ್ಲ. ಇಬ್ಬರಿಗೂ 'ರಾಜ್ಯಮಟ್ಟದಲ್ಲಿ ಪ್ರಥಮ' ಎಂಬ ಪತ್ರ ದೊರೆಯಬಹುದು. ನಿಜವಾದ ಪ್ರಥಮನಾರೆಂಬುದು ಮಾತ್ರ ಯಾರಿಗೂ ತಿಳಿಯದು. ಭಾರತದ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಪಂದ್ಯಗಳಾದರೋ 14, 17, 19 ವರ್ಷದೊಳಗಿನವರು ಎಂದು ವಯಸ್ಸನ್ನು ಎಣಿಸುತ್ತವೆಯೇ ಹೊರತು ತರಗತಿಯನ್ನಲ್ಲ.

ಒಂದುಗೂಡಿಸುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. 1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಎಂದು ಹರಿದುಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದಾದವು. ಮೈಸೂರಿನ ಗರಡಿಯ ಜಟ್ಟಿಯೂ ಬೆಳಗಾವಿ, ಧಾರವಾಡ ಕಡೆಯ ಪೈಲ್ವಾನನೂ ಒಂದೇ ರಾಜ್ಯದವರಾದರು. ಮೈಸೂರು ದಸರೆಯಲ್ಲಿ ದಸರಾ ಕೇಸರಿ, ದಸರಾ ಕಂಠೀರವ, ದಸರಾ ಕುಮಾರ ಮುಂತಾದ ಬಿರುದುಗಳಿಗಾಗಿ ಸೀಮೆಸೀಮೆಯ ಮಲ್ಲರು ಸೆಣಸುವುದನ್ನು ನಾವು ಕಂಡಿದ್ದೇವೆ. ಸುತ್ತೂರು ಜಾತ್ರೆಯ ಕುಸ್ತಿಯನ್ನು ನೋಡಲು ಜನರು ನೆರೆಯುವ ಸಂಭ್ರಮವೂ ನಮ್ಮ ಸದ್ಭಕ್ತರಿಗೆ ಗೊತ್ತಿರುವುದೇ. ಹಿರಿಯರಿಗೆ ಸಾಧ್ಯವಾದುದು ಶಾಲೆಯ ಮಕ್ಕಳಿಗೇಕೆ ಸಾಧ್ಯವಾಗಬಾರದು?

ಹೊರನಾಡುಗಳ ಅನುಭವವೂ ಇದೆ. ಅಮೆರಿಕದಲ್ಲಿ ಹೈಸ್ಕೂಲೆಂದರೆ ನಮ್ಮ ಒಂಬತ್ತನೆಯ ತರಗತಿಯಿಂದ ಪಿಯುಸಿ ಮುಗಿಯುವವರೆಗಿನ 4 ವರ್ಷಗಳು. ಅಲ್ಲಿನ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಒಂದು ಕಾಲದಲ್ಲಿ ಪ್ರಾದೇಶಿಕ ವಿಭಾಗಗಳು ತಮ್ಮ ತಮ್ಮ ಕುಸ್ತಿ ಪ್ರಶಸ್ತಿಗಳನ್ನು ಬೇರೆ ಬೇರೆಯಾಗಿ ನೀಡುತ್ತಿದ್ದವು. 1973ರಲ್ಲಿ ಅವೆಲ್ಲಕ್ಕೂ ಮೇಲೆ ಒಂದೇ ರಾಜ್ಯ ಪಂದ್ಯಾವಳಿಯು ಆರಂಭವಾಯಿತು. ಶಾಲೆ ದೊಡ್ಡದಿರಲಿ, ಚಿಕ್ಕದಿರಲಿ, ಒಂದು ತೂಕಕ್ಕೆ ಅಲ್ಲಿ ಒಬ್ಬನೇ ವಿಜೇತ. ಆದರೆ ಅಯೋವಾದಂತಹ ರಾಜ್ಯಗಳು ವಿದ್ಯಾರ್ಥಿಗಳ ಸಂಖ್ಯೆಗನುಗುಣವಾಗಿ ಶಾಲೆಗಳನ್ನು ವಿಂಗಡಿಸಿ ಬೇರೆ ಬೇರೆ ಪ್ರಶಸ್ತಿಗಳನ್ನೇ ಉಳಿಸಿಕೊಂಡಿವೆ. ಚಿಕ್ಕ ಊರಿನ ಮಗುವಿಗೂ ಗೆಲುವಿನ ಸವಿ ಸಿಗಲೆಂಬುದು ಆ ಪಕ್ಷದವರ ವಾದ.

ಆ ವಾದವನ್ನು ತಳ್ಳಿಹಾಕುವಂತಿಲ್ಲ. ಎರಡು ಪ್ರಶಸ್ತಿಗಳಿದ್ದಲ್ಲಿ ಒಂದೇ ಉಳಿದರೆ ಮೊದಲು ಕಳೆದುಕೊಳ್ಳುವವನು ಹಳ್ಳಿಯ ಹುಡುಗನೇ ಆಗಬಹುದು. ಮೇಲಾಗಿ 15ರ ಬಾಲಕನೂ 18ರ ತರುಣನೂ ತೂಕದಲ್ಲಿ ಸಮನಾಗಿದ್ದರೂ ಎಲುಬಿನ ಬಲದಲ್ಲಿ ಸಮನಲ್ಲ. ಅವರಿಬ್ಬರನ್ನು ಜೋಡಿ ಕಟ್ಟಿದರೆ ಅದು ನ್ಯಾಯವೂ ಅಲ್ಲ, ಕ್ಷೇಮವೂ ಅಲ್ಲ.

ಆದುದರಿಂದ ಮಧ್ಯಮಾರ್ಗವೊಂದನ್ನು ಹುಡುಕಬೇಕು. ತಾಲ್ಲೂಕು, ಜಿಲ್ಲೆಗಳ ಪಂದ್ಯಗಳು ಈಗಿನಂತೆಯೇ ಇರಲಿ. ಅಲ್ಲಿ ಹೆಚ್ಚು ಮಕ್ಕಳಿಗೆ ಅವಕಾಶ ಸಿಗಲಿ. ರಾಜ್ಯಮಟ್ಟದಲ್ಲಿ ಮಾತ್ರ ಪ್ರೌಢಶಾಲೆ, ಪದವಿಪೂರ್ವ ಎಂಬ ಭೇದವನ್ನು ಬಿಟ್ಟು, ಒಂದೇ ಊರಿನಲ್ಲಿ, ಒಂದೇ ದಿನಗಳಲ್ಲಿ, ವಯಸ್ಸು ಮತ್ತು ತೂಕಗಳನ್ನಷ್ಟೇ ಆಧರಿಸಿ ಕುಸ್ತಿ ನಡೆಯಲಿ. ಬಾಲಕಿಯರ ಪಂದ್ಯಗಳೂ ಅದೇ ವೇದಿಕೆಯಲ್ಲಿ ನಡೆಯಲಿ. ಆಗ ಒಂದೇ ಮ್ಯಾಟು, ಒಂದೇ ತೀರ್ಪುಗಾರರ ತಂಡ, ಒಬ್ಬರೇ ವೈದ್ಯರು ಸಾಕು. ಉಳಿದ ಹಣವು ಮಕ್ಕಳ ಊಟ ಮತ್ತು ಪ್ರಯಾಣಕ್ಕೆ ಒದಗುತ್ತದೆ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಕೂಟವು ಇದೇ ದಾರಿಯನ್ನು ತೋರಿದೆ. 2018ರಲ್ಲಿ ದೆಹಲಿಯಲ್ಲಿ ಕೇವಲ ಶಾಲಾ ಕೂಟವಾಗಿ ಆರಂಭವಾದ ಅದು 2019ರಲ್ಲಿ ಪುಣೆಯಲ್ಲಿ 17 ಮತ್ತು 21 ವರ್ಷದೊಳಗಿನ ಎರಡೂ ವರ್ಗಗಳನ್ನು ಕೂಡಿಸಿಕೊಂಡು ಯುವ ಕೂಟವಾಯಿತು.

ಆದರೆ ಅಖಾಡ ಒಂದಾದರೆ ಸಾಲದು, ಸಿದ್ಧತೆಯೂ ಸಮನಾಗಬೇಕು. ಮಟ್ಟಿಯ ಮೇಲೆ ಬೆಳೆದ ಹುಡುಗನು ಮ್ಯಾಟಿನ ಮೇಲೆ ಮೊದಲ ಸಲ ಕಾಲಿಟ್ಟಾಗ ತಡವರಿಸುತ್ತಾನೆ. ನಾಡಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡುವುದೇ ಗೆಲುವು. ಮ್ಯಾಟಿನ ಕುಸ್ತಿಯಲ್ಲಿ 9 ಮೀಟರ್ ವ್ಯಾಸದ ವೃತ್ತ, ಕ್ಷಣಕ್ಷಣದ ಅಂಕ, ಗಡಿಯಾರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೀಗಿರುವಾಗ ಪ್ರತಿ ತಾಲ್ಲೂಕು ಕೇಂದ್ರದಲ್ಲಿಯೂ ಒಂದು ಮ್ಯಾಟು, ಒಬ್ಬ ಬಲ್ಲ ತರಬೇತುದಾರ ಇರಲೇಬೇಕು. ದಾನಿಗಳೂ, ವಿದ್ಯಾಸಂಸ್ಥೆಗಳೂ, ಹಳೆಯ ವಿದ್ಯಾರ್ಥಿಗಳೂ ಇದನ್ನು ದಾಸೋಹವೆಂದೇ ಭಾವಿಸಬಹುದು.

ತಾಯಂದಿರಿಗೆ ಒಂದು ಕಿವಿಮಾತು. ಕಡಿಮೆ ತೂಕದ ವರ್ಗದಲ್ಲಿ ಸುಲಭವಾಗಿ ಗೆಲ್ಲಬಹುದೆಂದು ಬೆಳೆಯುವ ಮಕ್ಕಳನ್ನು ಉಪವಾಸ ಕೆಡವುವುದು, ನೀರು ಬಿಡಿಸುವುದು ತೀರ ಅಪಾಯಕರ. ರಾಗಿಮುದ್ದೆ, ಬೇಳೆ, ಹಾಲು, ಮೊಳಕೆ ಕಾಳು ಉಂಡು ಬೆಳೆದ ಸಹಜ ತೂಕದಲ್ಲಿಯೇ ಮಗು ಸೆಣಸಲಿ. ಜನನದ ದಾಖಲೆಯಲ್ಲಿ ವಯಸ್ಸನ್ನು ಕುಗ್ಗಿಸುವ ಆಸೆಯೂ ಬೇಡ. ಸುಳ್ಳಿನಿಂದ ಬಂದ ಪದಕವು ಕಾಯಕದ ಫಲವಲ್ಲ.

ಒಂದೇ ಅಖಾಡದಲ್ಲಿ ಸೋತ ಮಗನು ಬರಿಗೈಯಲ್ಲಿ ಮನೆಗೆ ಬಂದಾನು. ಆಗ ಅವನನ್ನು ಹಂಗಿಸದೆ, ಬೆನ್ನು ತಟ್ಟಿ, ಮತ್ತೆ ಗರಡಿಗೆ ಕಳುಹಿಸುವ ಮನೆಯೇ ನಿಜವಾದ ಗರಡಿಮನೆ. ಗೆದ್ದು ಬಂದವನಿಗಾದರೋ ಬೆಳಗೊಳದ ಬೆಟ್ಟವನ್ನೊಮ್ಮೆ ತೋರಿಸಿದರೆ ಸಾಕು.