ನಾಯಿ ಬಾಲ ಅಲ್ಲ, ದವಡೆ ನೋಡಿ: ಕಚ್ಚೋ ಮುಂಚೆ ಸಿಗೋ ಸೂಚನೆ ಇದು

ಅಂಗಡಿ ಮೆಟ್ಟಿಲ ಮೇಲೆ ದಿನಾ ಮಲಗೋ ನಾಯಿ, ಬಿಸ್ಕತ್ ಹಾಕಿದ್ರೆ ಬಾಲ ಅಲ್ಲಾಡಿಸುತ್ತೆ. ಅದೇ ನಾಯಿ ಒಂದಿನ ಇದ್ದಕ್ಕಿದ್ದಂತೆ ಕಚ್ಚಿತು ಅಂತಾರೆ. ಆದರೆ ಎಷ್ಟೋ ಸಲ ನಾಯಿ ಮೊದಲೇ ಸೂಚನೆ ಕೊಟ್ಟಿರುತ್ತದೆ. ಜನ ಬಾಲ ನೋಡ್ತಾರೆ, ದವಡೆ ನೋಡಲ್ಲ.

ನಿರಾಳವಾಗಿರೋ ನಾಯಿಯ ದವಡೆ ಸಡಿಲ, ಬಾಯಿ ಸ್ವಲ್ಪ ತೆರೆದಿರುತ್ತದೆ. ಭಯ ಅಥವಾ ಸಿಟ್ಟು ಬಂದರೆ ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ.

ಯಾಕೆ ಹೀಗೆ?

ಮೆದುಳಿನ ಒಳಗೆ ಅಮಿಗ್ಡಲಾ, ಹೈಪೋಥಲಾಮಸ್ ಅನ್ನೋ ಭಾಗಗಳಿವೆ. ಭಯ, ಸಿಟ್ಟು ಏಳೋದರಲ್ಲಿ ಇವುಗಳ ಪಾತ್ರ ದೊಡ್ಡದು. ದವಡೆ ಸ್ನಾಯುವನ್ನು ಎಳೆಯುವ ನರ ಹೊರಡೋದು ಮೆದುಳಿನ ಬುಡದಿಂದ. ಭಾವನೆಯ ಭಾಗಗಳಿಂದ ಆ ಬುಡಕ್ಕೆ ಸಂಪರ್ಕ ಇದೆ. ಹಾಗಾಗಿ ಮನಸ್ಸು ಬಿಗಿಯಾದರೆ ದವಡೆಯೂ ಬಿಗಿ.

ಸ್ವಿಟ್ಜರ್ಲೆಂಡ್‌ನ ವಾಲ್ಟರ್ ಹೆಸ್ ಬೆಕ್ಕಿನ ಹೈಪೋಥಲಾಮಸ್‌ಗೆ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸಿದಾಗ, ಸುಮ್ಮನಿದ್ದ ಬೆಕ್ಕು ಕೂದಲು ನಿಮಿರಿಸಿ, ಬುಸುಗುಟ್ಟಿ ಮೈಮೇಲೆ ಬಂತು. ಮೆದುಳಿನ ಈ ಭಾಗದ ಸಂಶೋಧನೆಗೆ ಅವರಿಗೆ 1949ರಲ್ಲಿ ನೊಬೆಲ್ ಸಿಕ್ಕಿತು. 2017ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ ಇಲಿಗಳ ಅಮಿಗ್ಡಲಾವನ್ನು ಬೆಳಕಿನಿಂದ ಚುರುಕುಗೊಳಿಸಿತು. ಇಲಿಗಳು ಕಡ್ಡಿ, ಬಾಟಲಿ ಮುಚ್ಚಳವನ್ನೂ ಹಿಡಿದು ಕಚ್ಚಿದವು. ಅದು ಬೇಟೆಯ ಬಗ್ಗೆ ನಡೆಸಿದ ಪ್ರಯೋಗ. ಆದರೂ ಅಮಿಗ್ಡಲಾದಿಂದ ದವಡೆಗೆ ದಾರಿ ಇದೆ ಅನ್ನೋದು ಅದರಿಂದ ಸ್ಪಷ್ಟವಾಯಿತು.

ಏನು ಮಾಡಬೇಕು?

ಬಾಯಿ ಮುಚ್ಚಿದ ನಾಯಿಯೆಲ್ಲ ಕಚ್ಚುತ್ತೆ ಅಂತಲ್ಲ. ಆದರೆ ಬಾಯಿ ಬಿಗಿ, ಮೈ ಸೆಟೆದು, ದಿಟ್ಟಿಸಿ ನೋಡ್ತಿದ್ರೆ ಕೈ ಚಾಚಬೇಡಿ, ಓಡಲೂಬೇಡಿ. ನಿಧಾನಕ್ಕೆ ಪಕ್ಕಕ್ಕೆ ಸರಿಯಿರಿ. ಬಾಲ ಆಡ್ತಿದ್ರೂ ನಂಬಬೇಡಿ. ಮಕ್ಕಳಿಗೂ ಇದನ್ನೇ ಹೇಳಿಕೊಡಿ.

ದವಡೆ ತೀರಾ ಜೋತು ಬಿದ್ದರೂ ಹುಷಾರ್. ರೇಬೀಸ್ ಬಂದ ನಾಯಿ, ದನಗಳಲ್ಲಿ ದವಡೆ, ಗಂಟಲಿನ ಸ್ನಾಯು ಸೋತು ಜೊಲ್ಲು ಸುರಿಯಬಹುದು. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಬಾಯಿಗೆ ಕೈ ಹಾಕಬೇಡಿ. ಪಶುವೈದ್ಯರನ್ನು ಕರೆಸಿ.

ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ, ಹರಿಯೋ ನೀರಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ ಹಚ್ಚಬೇಡಿ. ತಡಮಾಡದೆ ಅವತ್ತೇ ಆಸ್ಪತ್ರೆಗೆ ಹೋಗಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಜೀವ ಉಳಿಯೋದು ತೀರಾ ಅಪರೂಪ.