ಕೈಗುಣ ಸರಿ, ಉತ್ತರ ಎಲ್ಲಿ ಡಾಕ್ಟ್ರೇ?

ಹೊಸಪೇಟೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಅಮ್ಮನ ಪಿತ್ತಕೋಶದ ಆಪರೇಷನ್ ಆಗಿ ಎರಡನೇ ದಿನ. ರೌಂಡ್ಸಿಗೆ ಬಂದ ಸರ್ಜನ್ ಫೈಲ್ ನೋಡಿದರು, ಅಮ್ಮನನ್ನು ನೋಡಲಿಲ್ಲ. ‘ಹೊಲಿಗೆ ಹತ್ರ ಉರೀತದ ಸಾರ್’ ಅಂದ್ರೆ, ‘ಡಾಕ್ಟರ್ ನೀವಾ, ನಾನಾ?’ ಅಂತ ನಕ್ಕು ಹೊರಟರು. ಆಮೇಲೆ ಅಮ್ಮ ನೋವಿನ ಮಾತೇ ಎತ್ತಲಿಲ್ಲ. ಅಪಾಯ ಇರೋದು ಅಲ್ಲೇ. ಗಾಯಕ್ಕೆ ಸೋಂಕು ತಗುಲಿದರೆ ಮೊದಲ ಸುಳಿವು ಎಷ್ಟೋ ಸಲ ರೋಗಿಯ ಬಾಯಿಂದಲೇ ಬರಬೇಕು.

‘ಕೈಗುಣ ಚೆನ್ನಾಗದ, ಮಾತು ಒರಟು ಅಷ್ಟೇ’ ಅಂತ ನಾವು ಸಹಿಸ್ಕೋತೀವಿ. ಸಿಡುಕು ಸ್ವಭಾವಕ್ಕೆ ಕಾನೂನಿನ ಮದ್ದಿಲ್ಲ, ನಿಜ. ಆದರೆ ಮಾಹಿತಿ ನಮ್ಮ ಹಕ್ಕು. ಚಿಕಿತ್ಸೆಗೆ ಒಪ್ಪಿಗೆ ಪಡೆಯುವ ಮುನ್ನ ಸಾಕಷ್ಟು ವಿವರ ಕೊಡಬೇಕು ಎಂದು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂಬುದು 2002ರ ವೈದ್ಯಕೀಯ ನೀತಿ ನಿಯಮ. ಖಾಸಗಿ ಆಸ್ಪತ್ರೆ ಮೇಲಿನ ದೂರಿಗೆ ಕೆಪಿಎಂಇ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರ ಇದೆ. 2021ರಲ್ಲಿ ಜಿಲ್ಲೆ ಒಡೆದ ಮೇಲೆ ಹೊಸಪೇಟೆ, ಹಂಪಿಯವರಿಗೆ ವಿಜಯನಗರ. ಸಂಡೂರು, ಕಂಪ್ಲಿಯವರಿಗೆ ಬಳ್ಳಾರಿ.

ಮೂರನೇ ದಿನ ಚೀಟಿ ಹಿಡಿದು ನಿಂತೆವು: ಎಷ್ಟು ಜ್ವರ ಬಂದ್ರೆ ಓಡಿ ಬರಬೇಕು? ಹೊಲಿಗೆ ಬಿಚ್ಚೋದು ಯಾವಾಗ? ಊಟ ಏನು? ಸರ್ಜನ್ ಮುಖ ಗಂಟು ಹಾಕ್ಕೊಂಡೇ ಉತ್ತರ ಬರೆದುಕೊಟ್ಟರು. ನಗು ಸಿಗದಿದ್ರೂ ನಡೀತದೆ. ಉತ್ತರ ಸಿಗದೆ ಜಾಗ ಬಿಡಬೇಡಿ.